ವಯಸ್ಸಾದವರನ್ನು ನೋಡಿಕೊಳ್ಳುವುದು ಮಕ್ಕಳ ಹೊಣೆಯೋ, ಸರ್ಕಾರದ್ದೋ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಅತ್ತೆಗೆ ಲಕ್ವ ಹೊಡೆದ ಮೇಲೆ ಊರಿನಿಂದ ಇಲ್ಲಿಗೇ ಕರೆತಂದೆವು. ಸ್ವೀಡನ್‌ನಲ್ಲಿರುವ ಮೈದುನ ಫೋನ್ ಮಾಡಿದಾಗೆಲ್ಲ, 'ಇಲ್ಲಿ ಇದನ್ನೆಲ್ಲ ಸರ್ಕಾರವೇ ನೋಡ್ಕೊಳ್ಳುತ್ತೆ ಅತ್ತಿಗೆ' ಅಂತಾನೆ. ನಮ್ಮಲ್ಲಿ ಮಾತ್ರ ಯಾಕೆ ಎಲ್ಲ ಮನೆಯವರ ತಲೆ ಮೇಲೆ?

ಉತ್ತರ: ಮೈದುನ ಹೇಳುವುದು ಬಹುಮಟ್ಟಿಗೆ ನಿಜ. ಸ್ವೀಡನ್‌ನಲ್ಲಿ ತಂದೆ-ತಾಯಿಯನ್ನು ಸಾಕಬೇಕೆಂಬ ಕಾನೂನು ಮಕ್ಕಳ ಮೇಲಿಲ್ಲ. ಅದು ಆಯಾ ಊರಿನ ಮುನಿಸಿಪಾಲಿಟಿಯ ಕೆಲಸ. ಸ್ನಾನ ಮಾಡಿಸಲು, ಊಟ ಕೊಡಲು ಅವರ ಜನ ಮನೆಗೇ ಬರುತ್ತಾರೆ. ಆದರೆ ಅದು ಪುಕ್ಕಟೆ ಅಲ್ಲ. ಅಲ್ಲಿ ದುಡಿಯುವವರ ಗಳಿಕೆಯಲ್ಲಿ ಸ್ಥಳೀಯ ತೆರಿಗೆಯೇ ಸುಮಾರು ಶೇ. 32 ಹೋಗುತ್ತದೆ. ಅಂದರೆ ಮೈದುನ ಅಲ್ಲಿನ ಅಜ್ಜ-ಅಜ್ಜಿಯರ ಆರೈಕೆಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಲೇ ಇದ್ದಾರೆ!

ನಮ್ಮಲ್ಲಿ ಸರ್ಕಾರ ಹೊಣೆಯನ್ನು ಮಕ್ಕಳಿಗೇ ಒಪ್ಪಿಸಿ, ತಾನು ಪಂಚಾಯಿತಿ ಮಾಡಲು ಕೂತಿದೆ. 1987ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಒಂದು ಕೇಸು ನಿಮ್ಮ ಪಕ್ಕದ ಕಲ್ಯಾಣದ್ದೇ. ಡಾಕ್ಟರಾಗಿದ್ದ ಮಗಳಿಂದ ತಂದೆ ಜೀವನಾಂಶ ಕೇಳಿದ್ದರು. ಮದುವೆಯಾಗಿದ್ದರೂ ಮಗಳಿಗೆ ಆ ಹೊಣೆ ತಪ್ಪಿದ್ದಲ್ಲ ಎಂದು ಕೋರ್ಟ್ ಹೇಳಿತು. ಆಮೇಲೆ 2007ರಲ್ಲಿ ಹಿರಿಯ ನಾಗರಿಕರ ಕಾಯ್ದೆ ಬಂತು. ಅದರಲ್ಲಿ ಮಗ, ಮಗಳು, ಮೊಮ್ಮಕ್ಕಳು ಎಲ್ಲರೂ ಇದ್ದಾರೆ. ವಿದೇಶದಲ್ಲಿರುವ ಭಾರತೀಯ ನಾಗರಿಕರಿಗೂ ಅದು ಅನ್ವಯಿಸುತ್ತದೆ. ಮೈದುನ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ, ಅವರೂ ಲೆಕ್ಕಕ್ಕೆ ಬಂದರು.

ಲೆಕ್ಕಕ್ಕೆ ಬಾರದವರು ನೀವೊಬ್ಬರೇ! ಜೀವನಾಂಶ ಕೊಡಬೇಕಾದವರ ಪಟ್ಟಿಯಲ್ಲಿ ಸೊಸೆ ಇಲ್ಲ. ಸೊಸೆ-ಅಳಿಯಂದಿರನ್ನೂ ಸೇರಿಸಲು 2019ರಲ್ಲಿ ಒಂದು ಮಸೂದೆ ಬಂದಿತ್ತು, ಪಾಸಾಗಲಿಲ್ಲ. ಆದರೆ ಎರಡು ಗಂಟೆಗೊಮ್ಮೆ ಅತ್ತೆಯ ಮಗ್ಗುಲು ಬದಲಿಸುವವರು ಯಾರು? ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಳ್ಳುವವರು, ಡೈಪರ್ ಬದಲಿಸುವವರು, ಗಂಜಿ ನೆತ್ತಿಗೇರದಂತೆ ತಲೆ ಎತ್ತಿ ಹಿಡಿದು ಕುಡಿಸುವವರು? 'ನಮ್ಮ ಸಂಸ್ಕೃತಿಯಲ್ಲಿ ಮನೆಯವರೇ ನೋಡ್ಕೊಳ್ತಾರೆ' ಎಂದು ಸಭೆಯಲ್ಲಿ ಭಾಷಣ ಮಾಡುವವರು ಬಹಳ. ಆ 'ಮನೆಯವರು' ಅಂದರೆ ಯಾರು ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಜಪಾನ್‌ನಲ್ಲೂ ಹೀಗೇ ಇತ್ತು. ಹಿರಿಮಗನ ಹೆಂಡತಿಯೇ ಅತ್ತೆ-ಮಾವನ ಚಾಕರಿ ಮಾಡಬೇಕಿತ್ತು. 2000ದಲ್ಲಿ ಅಲ್ಲಿ ಆರೈಕೆ ವಿಮೆ ಜಾರಿಗೆ ಬಂತು. 40 ತುಂಬಿದವರೆಲ್ಲ ಕಂತು ಕಟ್ಟಬೇಕು. ಅದನ್ನು ರೂಪಿಸುವಾಗ ಮನೆಯವರ ಕೈಗೆ ನಗದು ಕೊಡಬೇಕೇ ಎಂಬ ಚರ್ಚೆ ಜೋರಾಗಿ ನಡೆದಿತ್ತು. ಬೇಡವೆಂದು ಪಟ್ಟು ಹಿಡಿದವರಲ್ಲಿ ಮಹಿಳಾ ಸಂಘಟನೆಗಳೇ ಮುಂದಿದ್ದವು. ದುಡ್ಡು ಕೊಟ್ಟರೆ ಸೊಸೆ ಮತ್ತೆ ಅಲ್ಲೇ ಕಟ್ಟಿಬೀಳುತ್ತಾಳೆ ಎಂಬುದು ಅವರ ವಾದ. ಹಾಗಾಗಿ ದುಡ್ಡಿನ ಬದಲು ಆರೈಕೆ ಮಾಡುವವರೇ ಮನೆಗೆ ಬರುವ ಏರ್ಪಾಡಾಯಿತು. ಆದರೆ ಜರ್ಮನಿಯ ಆರೈಕೆ ವಿಮೆ ನಗದನ್ನೂ ಕೊಡುತ್ತದೆ. ನನಗೆ ಜಪಾನಿನ ದಾರಿಯೇ ಸರಿ ಅನ್ನಿಸುತ್ತದೆ.

ಮಹಾರಾಷ್ಟ್ರದಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,500 ರೂಪಾಯಿ ಪಿಂಚಣಿ ಇದೆ. ಯೋಜನೆಯ ಹೆಸರು ಶ್ರಾವಣಬಾಳ. ಸರ್ಕಾರ ಕೊಡುವ ದುಡ್ಡಿಗೂ ಅಪ್ಪ-ಅಮ್ಮನನ್ನು ಹೆಗಲ ಮೇಲೆ ಹೊತ್ತ ಮಗನ ಹೆಸರೇ, ನೋಡಿ! ಆದರೆ 15 ವರ್ಷ ರಾಜ್ಯದಲ್ಲಿ ವಾಸವಿರಬೇಕು, ಕುಟುಂಬದ ವಾರ್ಷಿಕ ಆದಾಯ 21,000 ಮೀರಬಾರದು. ಮೊನ್ನೆ ಊರಿನಿಂದ ಬಂದ ಅತ್ತೆಗೆ ಅದು ಸಿಗುವುದಿಲ್ಲ. ಊರಿನಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿದ್ದರೆ, ವಿಳಾಸ ಬದಲಿಸುವ ಮೊದಲು ವಿಚಾರಿಸಿಕೊಳ್ಳಿ.

ಹಾಗಾದರೆ ಈಗೇನು ಮಾಡುವುದು? ಮನೆಗೆ ಆಳು ಕಳಿಸುವ ಬ್ಯೂರೋದಿಂದ ಒಬ್ಬ ಮಾವಶಿಯನ್ನು, ಅಂದರೆ ರೋಗಿಯನ್ನು ನೋಡಿಕೊಳ್ಳುವ ಹೆಂಗಸನ್ನು, ಗೊತ್ತು ಮಾಡಿ, ಹಗಲಿನ ಶಿಫ್ಟ್‌ಗಾದರೂ ಸರಿ. ಅವರು ರಜೆ ಹಾಕಿದ ದಿನ ಬದಲಿ ಕಳಿಸುತ್ತಾರಾ, ಎತ್ತಿ ಕೂರಿಸುವ ಅಭ್ಯಾಸ ಇದೆಯಾ ಅಂತ ಮೊದಲೇ ಕೇಳಿ. ಆ ಬಿಲ್ಲನ್ನು ಗಂಡ, ಮೈದುನ, ನಾದಿನಿಯರಿದ್ದರೆ ಅವರು, ಎಲ್ಲರೂ ಹಂಚಿಕೊಳ್ಳಲಿ. ಅದು ಅವರ ಹೊಣೆ, ಸಂಕೋಚ ಬೇಡ. ಅತ್ತೆಗೆ 70 ತುಂಬಿದ್ದರೆ ಆಯುಷ್ಮಾನ್ ವಯ ವಂದನಾ ಕಾರ್ಡ್ ಮಾಡಿಸಿ, ಅದಕ್ಕೆ ಆದಾಯದ ಮಿತಿ ಇಲ್ಲ. ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ, ಆದರೆ ಅಡ್ಮಿಟ್ ಆದರೆ ಮಾತ್ರ. ಮಾವಶಿಯ ಸಂಬಳಕ್ಕೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ.