ಏಳನೇ ಮೀಟರ್ ಮಾತಾಡ್ತಾ ಇಲ್ಲ ಮಾರಾಯ್ರೇ

ಮಲ್ಪೆ ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿನಿಂದ ಫೋನ್ ಬಂತು. ಏಳು ಎನರ್ಜಿ ಮೀಟರ್‌ಗಳ ರೀಡಿಂಗ್ ಮೋಡ್‌ಬಸ್‌ನಲ್ಲಿ ಆಫೀಸಿನ ಕಂಪ್ಯೂಟರಿಗೆ ಬರಬೇಕು. ಏಳನೇದು ಬರ್ತಾ ಇರಲಿಲ್ಲ. ಮಾಲೀಕರು ಬೇರೆ ಕಂಪನಿಯ ಹೊಸ ಮೀಟರ್ ತಂದು ಹಾಕಿಸಿದ್ದರು. "ಈಗಲೂ ಮಾತಾಡ್ತಾ ಇಲ್ಲ ಮಾರಾಯ್ರೇ" ಅಂದರು.

ಮೋಡ್‌ಬಸ್ ಅಂದರೆ ಯಂತ್ರಗಳು ತಮ್ಮೊಳಗೆ ಮಾತಾಡುವ ಒಂದು ಭಾಷೆ, ಕ್ಲಾಸಿನಲ್ಲಿ ಹಾಜರಿ ಕರೆದ ಹಾಗೆ. 1979ರಲ್ಲಿ ಮೋಡಿಕಾನ್ ಕಂಪನಿ ಕಾರ್ಖಾನೆಯ ಯಂತ್ರ ನಡೆಸುವ ಕಂಪ್ಯೂಟರುಗಳಿಗೆ, ಅಂದರೆ ತನ್ನ ಪಿಎಲ್‌ಸಿಗಳಿಗೆ ಅಂತ ಮಾಡಿದ್ದು, ಇವತ್ತಿಗೂ ಓಡ್ತಾ ಉಂಟು. ಮಾಸ್ಟರ್, ಇಲ್ಲಿ ಆಫೀಸಿನ ಕಂಪ್ಯೂಟರ್, ಒಂದು ನಂಬರ್ ಕರೆಯುತ್ತದೆ, ಆ ನಂಬರಿನ ಮೀಟರ್ ಮಾತ್ರ ಉತ್ತರ ಕೊಡಬೇಕು, ಉಳಿದವು ಬಾಯಿ ಮುಚ್ಚಿಕೊಂಡಿರಬೇಕು. ನಂಬರ್ 1ರಿಂದ 247ರ ಒಳಗೆ ಯಾವುದಾದರೂ ಆಗುತ್ತದೆ, ಆದರೆ ಒಂದೇ ನಂಬರ್ ಇಬ್ಬರಿಗೆ ಇರಬಾರದು.

ನಾನು ಹೋದವನು ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ. ಎಲ್ಲಾ ಆಫ್ ಮಾಡಿಸಿ, ಪ್ಯಾನೆಲ್ಲಿನಲ್ಲಿ ಎ ಮತ್ತು ಬಿ ವಯರಿನ ಮಧ್ಯೆ ಮಲ್ಟಿಮೀಟರ್ ಇಟ್ಟೆ. ಆರ್‌ಎಸ್-485 ಲೈನಿನ, ಅಂದರೆ ಎಲ್ಲಾ ಮೀಟರಿಗೆ ಸಾಲಾಗಿ ಹೋಗುವ ಈ ಎರಡು ವಯರಿನ, ಎರಡು ತುದಿಗೂ 120 ಓಮ್ ರೆಸಿಸ್ಟರ್ ಹಾಕಿರುತ್ತೇವೆ, ಎರಡೂ ಸಮಾಂತರವಾಗಿರುವುದರಿಂದ ಹೆಚ್ಚುಕಮ್ಮಿ 60 ತೋರಿಸಬೇಕು. ತೋರಿಸಿದ್ದು 120. ಅಂದರೆ ಆ ತುದಿಯ ರೆಸಿಸ್ಟರ್ ಇಲ್ಲಿಗೆ ಕಾಣ್ತಾನೇ ಇಲ್ಲ, ಮಧ್ಯದಲ್ಲೆಲ್ಲೋ ವಯರ್ ಕಡಿದಿದೆ ಅಂತ. ಆರನೇ ಮೀಟರ್ ದಾಟಿದ ಮೇಲೆ ಸಿಕ್ಕಿತು, ಟೇಪ್ ಸುತ್ತಿದ ಒಂದು ಜಾಯಿಂಟ್. ಟೇಪ್ ಬಿಚ್ಚಿದರೆ ಒಳಗೆ ತಾಮ್ರವೆಲ್ಲ ಹಸಿರು ಕಿಲುಬು, ಮುಟ್ಟಿದ್ದೇ ತಡ ಎಳೆ ಪುಡಿಯಾಯಿತು. ಕಡಲಿನ ಗಾಳಿ, ಮೇಲಿಂದ ಐಸ್ ಪ್ಲಾಂಟಿನ ನೀರು, ಇನ್ನೇನಾಗುತ್ತದೆ?

ಹೊಸ ವಯರ್ ಎಳೆದೆವು. ಈಗ ಒಂದನೇ ಮೀಟರೂ ಹೋಯಿತು! ಎಲೆಕ್ಟ್ರಿಷಿಯನ್ ನನ್ನ ಮುಖ ನೋಡಿದ. ಪೆಟ್ಟಿಗೆಯಿಂದ ಬರುವಾಗ ಮೀಟರಿನ ನಂಬರ್ ಸಾಮಾನ್ಯವಾಗಿ 1 ಅಂತಲೇ ಇರುತ್ತದೆ, ಹೊಸ ಏಳನೇದರಲ್ಲಿ ಅದನ್ನು ಯಾರೂ ಬದಲಾಯಿಸಿರಲಿಲ್ಲ. ಇಷ್ಟು ದಿನ ವಯರ್ ಕಡಿದಿದ್ದರಿಂದ ಜಗಳ ಇರಲಿಲ್ಲ, ಈಗ ಇಬ್ಬರೂ ಒಟ್ಟಿಗೆ "ಹಾಜರ್" ಅನ್ನುತ್ತಿದ್ದರು. 7 ಅಂತ ಮಾಡಿದ ಮೇಲೆ ಸರಿಯಾಯಿತು.

ಸರಿ ಅಂದರೆ, ಪೂರ್ತಿ ಸರಿಯಲ್ಲ. ಏಳನೇದರ ವೋಲ್ಟೇಜ್ ಒಮ್ಮೆ ಸೊನ್ನೆ, ಮರುಕ್ಷಣ 24 ಅಂಕಿಯ ಸಂಖ್ಯೆ. ನನಗೆ ನಗು ಬಂತು, ಇದು ಹಳೇ ಪರಿಚಯ. ಮೋಡ್‌ಬಸ್ ರಿಜಿಸ್ಟರ್, ಅಂದರೆ ಸಂಖ್ಯೆ ಇಡುವ ಖಾನೆ, 16 ಬಿಟ್, ದಶಮಾಂಶದ ರೀಡಿಂಗಿಗೆ 32 ಬಿಟ್ ಬೇಕು, ಹಾಗಾಗಿ ಅದು ಎರಡು ರಿಜಿಸ್ಟರಿನಲ್ಲಿ ಬರುತ್ತದೆ. ಯಾವ ಅರ್ಧ ಮೊದಲು ಅಂತ ಒಂದೊಂದು ಕಂಪನಿಯದ್ದು ಒಂದೊಂದು ರೂಢಿ. 230 ವೋಲ್ಟ್ ಅಂದರೆ ಈ 32 ಬಿಟ್ ರೂಪದಲ್ಲಿ, ಹೆಕ್ಸಿನಲ್ಲಿ (16ರ ಆಧಾರದ ಬರವಣಿಗೆ), 4366 ಮತ್ತು 0000. ತಿರುಗಿಸಿ ಓದಿದರೆ ಸೊನ್ನೆಗೆ ಸಮ. ಅದೇ 230.4 ಆದರೆ ಆಕಾಶದಷ್ಟು. ಸಾಫ್ಟ್‌ವೇರಿನಲ್ಲಿ ವರ್ಡ್ ಸ್ವಾಪ್ ಅಂತ ಒಂದು ಟಿಕ್ ಹಾಕಿದೆ, ಮುಗಿಯಿತು.

ವಾಪಸ್ ಹೊರಡುವಾಗ ಮಾಲೀಕರು ಡ್ರಾಯರಿನಿಂದ ಹಳೇ ಮೀಟರ್ ತೆಗೆದು ತೋರಿಸಿದರು. "ಇದಕ್ಕೇನಾಗಿದೆ?" ಏನೂ ಆಗಿರಲಿಲ್ಲ.