ತಾತನ ಆಯುಸ್ಸು ಮುಗಿದ ಸಂಜೆ: ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಮತ್ತು ಎಪಿಐಗಳ ಹಳೆಯ ತಕರಾರು

2021ರ ಸೆಪ್ಟೆಂಬರ್ 30ರ ಸಂಜೆ. ನಮ್ಮ ಗಡಿಯಾರದಲ್ಲಿ 7 ಗಂಟೆ 31 ನಿಮಿಷ ದಾಟುತ್ತಿದ್ದಂತೆ ಜಗತ್ತಿನ ನಾನಾ ಕಡೆ ಒಂದೇ ಬಗೆಯ ದೂರು ಶುರುವಾಯಿತು. ವೆಬ್‌ಸೈಟ್ ಬ್ರೌಸರ್‌ನಲ್ಲಿ ಚೆನ್ನಾಗಿ ತೆರೆಯುತ್ತಿದೆ, ಬೀಗದ ಗುರುತೂ ಇದೆ. ಅದೇ ವಿಳಾಸಕ್ಕೆ ಸರ್ವರ್‌ನಿಂದ ಹೋಗುವ ಎಪಿಐ ಕರೆ (ಒಂದು ಪ್ರೋಗ್ರಾಂ ಇನ್ನೊಂದಕ್ಕೆ ನೇರವಾಗಿ ಮಾಡುವ ಕರೆ) ಮಾತ್ರ ‘ಸರ್ಟಿಫಿಕೇಟ್ ಅವಧಿ ಮುಗಿದಿದೆ’ ಎಂದು ಬಿದ್ದುಹೋಗುತ್ತಿದೆ. ತೆಗೆದು ನೋಡಿದರೆ ಆ ಸೈಟಿನ ಸರ್ಟಿಫಿಕೇಟ್‌ಗೆ, ಅಂದರೆ ಸೈಟು ಅಸಲಿ ಎಂದು ಹೇಳುವ ಗುರುತಿನ ಚೀಟಿಗೆ, ಇನ್ನೂ ಆಯುಸ್ಸಿತ್ತು. ಮುಗಿದದ್ದು ಅದರ ತಾತನ ಆಯುಸ್ಸು.

ಈ ತಾತನ ಕಥೆಗೆ ಮೊದಲು ಮನೆತನದ ಕಥೆ ಹೇಳಬೇಕು.

1995ರಲ್ಲಿ ನೆಟ್‌ಸ್ಕೇಪ್ ಕಂಪನಿ ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತನ್ನು ಗುಟ್ಟಾಗಿಡುವ ಎಸ್‌ಎಸ್‌ಎಲ್ 2.0 ಹೊರತಂದಾಗ ಅದರ ಕಣ್ಣ ಮುಂದಿದ್ದದ್ದು ಬ್ರೌಸರ್ ಮುಂದೆ ಕೂತು ಕ್ರೆಡಿಟ್ ಕಾರ್ಡ್ ನಂಬರ್ ಟೈಪ್ ಮಾಡುವ ಮನುಷ್ಯ. ಅದೇ ವರ್ಷ ಆರ್‌ಎಸ್‌ಎ ಕಂಪನಿಯಿಂದ ಬೇರ್ಪಟ್ಟ ವೆರಿಸೈನ್ ಸರ್ಟಿಫಿಕೇಟ್ ಮಾರಲು ನಿಂತಿತು. 1999ರಲ್ಲಿ ಹೆಸರು ಟಿಎಲ್‌ಎಸ್ ಎಂದು ಬದಲಾಯಿತು. ಎಸ್‌ಎಸ್‌ಎಲ್‌ನ ಯಾವ ಆವೃತ್ತಿಯನ್ನೂ ಈಗ ಬಳಸಬಾರದು, ಆದರೂ ನಮ್ಮ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಎಡವಟ್ಟಾದರೆ ಬ್ರೌಸರ್ ಎಚ್ಚರಿಕೆಯ ಪುಟ ತೋರಿಸುತ್ತದೆ, ಮುಂದೆ ಹೋಗಬೇಕೋ ಬೇಡವೋ ಎಂದು ಮನುಷ್ಯ ತೀರ್ಮಾನಿಸುತ್ತಾನೆ ಎಂಬುದು ಆಗಿನ ಲೆಕ್ಕ. ಎರಡು ಯಂತ್ರಗಳು ತಮ್ಮಷ್ಟಕ್ಕೆ ಮಾತಾಡುವಾಗ ಆ ಪುಟವನ್ನು ಯಾರು ನೋಡಬೇಕು? ಈ ಪ್ರಶ್ನೆಯನ್ನು ಆಗ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ವೆಬ್ ಸರ್ವಿಸ್‌ಗಳನ್ನು ಜೋಡಿಸುವವರ ಇಂದಿನ ಬಹುಪಾಲು ಗೋಳಿನ ಬೇರು ಇಲ್ಲೇ ಇದೆ ಎಂಬುದು ನನ್ನ ಅನುಭವ.

ಮನೆತನದ ರಚನೆ ಹೀಗಿದೆ. ನಮ್ಮ ಡೊಮೇನ್‌ನ ಸರ್ಟಿಫಿಕೇಟ್‌ಗೆ ಸಹಿ ಹಾಕುವುದು ಇಂಟರ್‌ಮೀಡಿಯೆಟ್, ಅದಕ್ಕೆ ಸಹಿ ಹಾಕುವುದು ರೂಟ್, ಅಂದರೆ ತಾತ. ರೂಟ್ ಮೊದಲೇ ಕಂಪ್ಯೂಟರ್ ಅಥವಾ ಬ್ರೌಸರ್‌ನ ನಂಬಿಕೆಯ ಪಟ್ಟಿಯಲ್ಲಿ ಕೂತಿರುತ್ತದೆ. ಸರ್ವರ್ ತನ್ನ ಸರ್ಟಿಫಿಕೇಟ್ ಜೊತೆಗೆ ಇಂಟರ್‌ಮೀಡಿಯೆಟ್ ಅನ್ನೂ ಕಳಿಸಬೇಕು. ಮರೆತರೆ ಏನಾಗುತ್ತದೆ? ಕ್ರೋಮ್ ತಾನೇ ಹೋಗಿ ಅದನ್ನು ಹುಡುಕಿ ತರುತ್ತದೆ, ಫೈರ್‌ಫಾಕ್ಸ್ ಮೊದಲೇ ತರಿಸಿಟ್ಟುಕೊಂಡಿರುತ್ತದೆ. ಎಪಿಐ ಕರೆ ಮಾಡಲು ಪ್ರೋಗ್ರಾಮರ್‌ಗಳು ಬಳಸುವ ಕರ್ಲ್, ಜಾವಾ, ಪೈಥಾನ್‌ಗಳು ಸಾಮಾನ್ಯವಾಗಿ ಆ ಉಸಾಬರಿಗೆ ಹೋಗುವುದಿಲ್ಲ. ‘ಬ್ರೌಸರ್‌ನಲ್ಲಿ ಓಪನ್ ಆಗ್ತಿದೆ ಸಾರ್, ನಿಮ್ಮ ಕಡೆಯೇ ಪ್ರಾಬ್ಲಂ’ ಎಂಬ ಮಾತು ಹುಟ್ಟುವುದು ಹೀಗೆ. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಬಳಸುವವರು ತಮ್ಮ ಸರ್ಟಿಫಿಕೇಟ್ ಮೊದಲು, ಅದರ ಕೆಳಗೆ ಇಂಟರ್‌ಮೀಡಿಯೆಟ್ ಬರುವಂತೆ ಒಂದೇ ಫೈಲ್ ಮಾಡಿ ಕೊಡಬೇಕು. ಇದನ್ನು ತಪ್ಪಿದ ಎಷ್ಟೋ ಸೈಟ್‌ಗಳು ವರ್ಷಗಟ್ಟಲೆ ಬ್ರೌಸರ್‌ನ ಕೃಪೆಯಲ್ಲಿ ನಡೆಯುತ್ತಿರುತ್ತವೆ.

ನಂಬಿಕೆಯ ಪಟ್ಟಿಯೂ ಒಂದೇ ಇಲ್ಲ. ಜಾವಾಕ್ಕೆ ತನ್ನದೇ ಪಟ್ಟಿ, ಪೈಥಾನ್‌ನ ರಿಕ್ವೆಸ್ಟ್ಸ್ ಎಂಬ ಲೈಬ್ರರಿಗೆ (ಸಿದ್ಧ ಕೋಡ್‌ನ ಕಟ್ಟು) ಸರ್ಟಿಫೈ ಎಂಬ ಬೇರೆ ಪಟ್ಟಿ, ನೋಡ್ ಜೆಎಸ್‌ಗೆ ಅದರೊಳಗೇ ಸೇರಿಸಿದ ಪಟ್ಟಿ, ಲಿನಕ್ಸ್‌ಗೆ ಮತ್ತೊಂದು. ಒಂದೇ ಯಂತ್ರದಲ್ಲಿ ನಾಲ್ಕು ಪಂಚಾಯಿತಿ.

ಈ ಕಿರಿಕಿರಿಗೆ ಪ್ರೋಗ್ರಾಮರ್‌ಗಳು ಕಂಡುಕೊಂಡ ಮದ್ದು ತುಂಬ ಅಪಾಯದ್ದು: ಸರ್ಟಿಫಿಕೇಟ್‌ನ ತಪಾಸಣೆಯನ್ನೇ ಆಫ್ ಮಾಡುವುದು. 2012ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರೌಸರ್ ಅಲ್ಲದ ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿದಾಗ, ಹಣ ಪಾವತಿಯ ಹೆಸರಾಂತ ಲೈಬ್ರರಿಗಳಲ್ಲೂ ತಪಾಸಣೆ ಮುರಿದುಬಿದ್ದಿತ್ತು. ಅವರು ಎತ್ತಿ ತೋರಿಸಿದ ಒಂದು ತಪ್ಪು ನನಗೆ ಇಂದಿಗೂ ಮರೆಯದು. ಎದುರಿನ ಸರ್ವರ್‌ನ ಹೆಸರು ತಾಳೆ ನೋಡು ಎಂದು ಕರ್ಲ್‌ಗೆ ಹೇಳಲು ಒಂದು ಸೆಟ್ಟಿಂಗ್ ಇದೆ. ಅದರ ಮೌಲ್ಯ ಆಗ 2 ಇರಬೇಕಿತ್ತು. ಪಿಎಚ್‌ಪಿ ಭಾಷೆಯಲ್ಲಿ ಕೋಡ್ ಬರೆಯುವವರು ಸಹಜವಾಗಿ ‘ಟ್ರೂ’ ಎಂದು ಬರೆದರು. ಕರ್ಲ್ ಅದನ್ನು 1 ಎಂದು ಓದಿತು. ಆಗ 1 ಎಂದರೆ ಸರ್ಟಿಫಿಕೇಟ್‌ನಲ್ಲಿ ಯಾವುದಾದರೂ ಒಂದು ಹೆಸರಿದ್ದರೆ ಸಾಕು, ಯಾರದ್ದೇ ಆಗಲಿ! ಸರಿಯಾಗಿ ಮಾಡಬೇಕೆಂದು ಹೊರಟವರೇ ಬಾಗಿಲು ತೆರೆದಿಟ್ಟಿದ್ದರು. ಆಮೇಲೆ ಕರ್ಲ್ ತಂಡ 1ರ ಆ ಅರ್ಥವನ್ನೇ ಕೈಬಿಟ್ಟಿತು.

ನಾನು ಕೆಲಸ ಮಾಡಿದ ಒಂದು ಕಡೆಯೂ ತಪಾಸಣೆ ಆಫ್ ಮಾಡಿದ ಸಾಲಿನ ಪಕ್ಕದಲ್ಲಿ ‘ಟೆಸ್ಟಿಂಗ್‌ಗೆ ಮಾತ್ರ’ ಎಂದು ಬರೆದಿತ್ತು. ಆ ಕೋಡ್ ಎರಡು ವರ್ಷದಿಂದ ಗ್ರಾಹಕರ ಹಣದ ವಿವರಗಳನ್ನು ಹೊತ್ತು ತಿರುಗುತ್ತಿತ್ತು. ಅದನ್ನು ಕಂಡ ದಿನ ನನಗೆ ನಿಜವಾಗಿ ಭಯವಾಯಿತು.

ಸಹಿ ಹಾಕುವವರೇ ಎಡವಿದ ಪ್ರಕರಣಗಳೂ ಇವೆ. 2011ರಲ್ಲಿ ನೆದರ್ಲೆಂಡ್ಸ್‌ನ ಡಿಜಿನೋಟಾರ್ ಸಂಸ್ಥೆಗೆ ನುಗ್ಗಿದವರು 500ಕ್ಕೂ ಹೆಚ್ಚು ನಕಲಿ ಸರ್ಟಿಫಿಕೇಟ್ ಮಾಡಿಕೊಂಡರು. ಗೂಗಲ್ ಹೆಸರಿನದ್ದನ್ನು ಇರಾನಿನ ಬಳಕೆದಾರರ ಮೇಲೆ ಬಳಸಲಾಯಿತು, ಸಂಸ್ಥೆ ದಿವಾಳಿಯಾಯಿತು. 2014ರ ಜುಲೈನಲ್ಲಿ ನಮ್ಮ ದೇಶದ ಸರದಿ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿಯ ಹೆಸರಿನಲ್ಲಿ ಗೂಗಲ್ ಡೊಮೇನ್‌ಗಳಿಗೆ ಅನಧಿಕೃತ ಸರ್ಟಿಫಿಕೇಟ್ ಹೊರಬಿದ್ದದ್ದನ್ನು ಗೂಗಲ್ ಬಯಲು ಮಾಡಿತು. ಎನ್‌ಐಸಿಗೆ ಅಧಿಕಾರ ಕೊಟ್ಟಿದ್ದ ಭಾರತದ ಸಿಸಿಎ (ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳ ಸರ್ಕಾರಿ ನಿಯಂತ್ರಕರು) ರೂಟ್ ಮೈಕ್ರೋಸಾಫ್ಟ್ ಪಟ್ಟಿಯಲ್ಲಿದ್ದ ಕಾರಣ ವಿಂಡೋಸ್‌ನ ಬಹುತೇಕ ಪ್ರೋಗ್ರಾಂಗಳು ಅವನ್ನು ನಂಬುತ್ತಿದ್ದವು. ಎನ್‌ಐಸಿಯ ಇಂಟರ್‌ಮೀಡಿಯೆಟ್‌ಗಳು ರದ್ದಾದವು, ಕ್ರೋಮ್ ಆ ರೂಟನ್ನು ಭಾರತದ ಕೆಲವೇ ಡೊಮೇನ್‌ಗಳಿಗೆ ಸೀಮಿತಗೊಳಿಸಿತು. ಬ್ರೌಸರ್ ಕಂಪನಿ ಕೆಲವೇ ದಿನಗಳಲ್ಲಿ ಅಪ್‌ಡೇಟ್ ಕಳಿಸಬಲ್ಲದು. ಯಾವುದೋ ಡೇಟಾ ಸೆಂಟರಿನ ಮೂಲೆಯಲ್ಲಿ ಹಳೆಯ ಜಾವಾ ಹೊತ್ತು ಕೂತ ಸರ್ವರ್‌ಗೆ ಕಳಿಸುವವರು ಯಾರು?

ಈಗ ತಾತನ ಕಥೆ. ಮೊಜಿಲ್ಲಾ, ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್, ಮಿಷಿಗನ್ ವಿಶ್ವವಿದ್ಯಾಲಯದವರು ಕೂಡಿ ಕಟ್ಟಿದ ಲೆಟ್ಸ್ ಎನ್‌ಕ್ರಿಪ್ಟ್ 2015ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ತೆರೆದುಕೊಂಡು 90 ದಿನದ ಸರ್ಟಿಫಿಕೇಟ್‌ಗಳನ್ನು ಪುಕ್ಕಟೆ ಕೊಡತೊಡಗಿತು. ಸಣ್ಣ ಪತ್ರಿಕೆ, ಶಾಲೆ, ಅಂಗಡಿಗಳ ಸೈಟ್‌ಗೂ ಬೀಗ ಬಂದದ್ದು ಇವರಿಂದ. ಆದರೆ ಹೊಸ ಸಂಸ್ಥೆಯ ರೂಟ್ ಯಾರ ಪಟ್ಟಿಯಲ್ಲೂ ಇರಲಿಲ್ಲ. ಐಡೆನ್‌ಟ್ರಸ್ಟ್ ಎಂಬ ಹಳಬರ ರೂಟ್‌ನಿಂದ ಸಹಿ ಹಾಕಿಸಿಕೊಂಡು ನಡೆಸಿದರು. ಆ ರೂಟ್ ಹುಟ್ಟಿದ್ದು 2000ದಲ್ಲಿ, ಆಯುಸ್ಸು 2021ರ ಸೆಪ್ಟೆಂಬರ್ 30ರವರೆಗೆ.

ಅಷ್ಟರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ವಂತ ರೂಟ್ ಬಹುತೇಕ ಎಲ್ಲ ಪಟ್ಟಿಗಳನ್ನೂ ಸೇರಿತ್ತು, 7.1.1ಕ್ಕಿಂತ ಹಳೆಯ ಆಂಡ್ರಾಯ್ಡ್ ಫೋನ್‌ಗಳನ್ನು ಬಿಟ್ಟು. 2020ರ ಕೊನೆಯಲ್ಲಿ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲು ಅಂಥವೇ. ಆ ಫೋನ್‌ಗಳು ರೂಟ್‌ನ ಅವಧಿಯನ್ನು ನೋಡುವುದಿಲ್ಲ ಎಂಬ ಅಂಶವನ್ನು ಹಿಡಿದು, ಅವಧಿ ಮುಗಿಯಲಿರುವ ತಾತನ ಸಹಿಯನ್ನೇ ಇನ್ನೂ ಮೂರು ವರ್ಷಕ್ಕೆ ಹಾಕಿಸಿಕೊಳ್ಳಲಾಯಿತು. ಫೋನ್‌ಗಳು ಉಳಿದವು. ಆದರೆ ತಪಾಸಣೆ ಮಾಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಹಳೆಯ 1.0.2 ಆವೃತ್ತಿ ಇದ್ದ ಸರ್ವರ್‌ಗಳು, ಅಂದರೆ ಸೆಂಟ್‌ಒಎಸ್ 7, ಉಬುಂಟು 16.04ರಂಥ ಲಿನಕ್ಸ್‌ಗಳು, ಎದುರಿನವರು ಕಳಿಸಿದ ಸಹಿಗಳ ಉದ್ದದ ಸರಪಳಿಯನ್ನೇ ಹಿಡಿದು ಹೋಗಿ ಸತ್ತ ತಾತನ ಬಾಗಿಲಲ್ಲಿ ನಿಂತವು. ಸರಪಳಿಯ ಮಧ್ಯದಲ್ಲೇ ತಾವು ನಂಬುವ ಹೊಸ ರೂಟ್ ಇದ್ದರೂ ಅಲ್ಲಿಗೆ ನಿಲ್ಲುವ ಬುದ್ಧಿ ಅವುಗಳಿಗೆ ಇರಲಿಲ್ಲ. ಉಬುಂಟುವಿನಲ್ಲಿ ಪರಿಹಾರ ಇಷ್ಟೇ: ನಂಬಿಕೆಯ ಪಟ್ಟಿಯ ಫೈಲ್‌ನಲ್ಲಿ ಆ ಹಳೆಯ ರೂಟ್‌ನ ಸಾಲಿನ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಪಟ್ಟಿಯನ್ನು ಹೊಸದು ಮಾಡುವುದು. ಹೊಸ ಫೋನ್ ಕೊಳ್ಳಲಾಗದವರ ಪರ ನಿಂತ ಆ ತೀರ್ಮಾನ ಸರಿಯೆಂದೇ ನಾನು ಇಂದಿಗೂ ನಂಬುತ್ತೇನೆ. ಸರ್ವರ್ ಅಪ್‌ಡೇಟ್ ಮಾಡಲು ಸಂಬಳದ ಮೇಲೆ ಜನರಿದ್ದಾರೆ, ಹಳ್ಳಿಯ ಮನೆಯೊಂದರ ಹಳೆಯ ಫೋನ್‌ಗೆ ಯಾರೂ ಇಲ್ಲ.

ಈ ನಡುವೆ ಸರ್ಟಿಫಿಕೇಟ್‌ಗಳ ಗರಿಷ್ಠ ಆಯುಸ್ಸು ಕರಗುತ್ತ ಬಂದಿದೆ. 2015ರಲ್ಲಿ 39 ತಿಂಗಳು, 2018ರಲ್ಲಿ 825 ದಿನ, ಆಪಲ್ ಪಟ್ಟು ಹಿಡಿದ ಮೇಲೆ 2020ರಲ್ಲಿ 398 ದಿನ. ಸರ್ಟಿಫಿಕೇಟ್‌ನ ಗುಟ್ಟಿನ ಕೀ ಕಳುವಾದರೆ ಅದು ಹೆಚ್ಚು ದಿನ ಬಾಳಬಾರದು ಎಂಬುದು ಕಾರಣ, ಅದು ನ್ಯಾಯವಾದದ್ದೇ. 2025ರ ಏಪ್ರಿಲ್‌ನಲ್ಲಿ ಸರ್ಟಿಫಿಕೇಟ್ ಸಂಸ್ಥೆಗಳೂ ಬ್ರೌಸರ್ ಕಂಪನಿಗಳೂ ಇರುವ ವೇದಿಕೆ ಆಪಲ್ ಮಂಡಿಸಿದ ಹೊಸ ವೇಳಾಪಟ್ಟಿಯನ್ನು ಒಂದೂ ವಿರೋಧ ಮತವಿಲ್ಲದೆ ಒಪ್ಪಿತು: 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ 47. ಸರ್ಟಿಫಿಕೇಟನ್ನು ತಾನೇ ನವೀಕರಿಸುವ ಸರ್ಟ್‌ಬಾಟ್‌ನಂಥ ಉಪಕರಣ ಕೂಡಿಸಿದ ವೆಬ್‌ಸೈಟ್‌ಗೆ ಇದರಿಂದ ತೊಂದರೆಯಿಲ್ಲ.

ತೊಂದರೆ ಇರುವುದು ಎರಡು ಸಂಸ್ಥೆಗಳ ಯಂತ್ರಗಳ ನಡುವೆ. ‘ನಿಮ್ಮ ಸರ್ಟಿಫಿಕೇಟ್ ಮೇಲ್ ಮಾಡಿ, ನಮ್ಮ ಟೀಮ್ ಅಪ್‌ಲೋಡ್ ಮಾಡುತ್ತೆ, ಒಂದು ವಾರ ಬೇಕು’ ಎಂಬ ಪದ್ಧತಿ ಇಂದಿಗೂ ಇದೆ. ವರ್ಷಕ್ಕೊಮ್ಮೆ ಆಗುತ್ತಿದ್ದ ಆ ಕೆಲಸ 47 ದಿನದ ಲೆಕ್ಕದಲ್ಲಿ ವರ್ಷಕ್ಕೆ ಎಂಟು ಸಲ ಬರುತ್ತದೆ. ಕರೆ ಮಾಡುವ ಯಂತ್ರವೂ ತನ್ನ ಸರ್ಟಿಫಿಕೇಟ್ ತೋರಿಸಬೇಕಾದ ಜೋಡಣೆಗಳಿಗೆ ಇನ್ನೊಂದು ಪೆಟ್ಟು ಬಿದ್ದಿದೆ. ಕ್ರೋಮ್‌ನ ಹೊಸ ನಿಯಮಕ್ಕೆ ತಕ್ಕಂತೆ, ಕರೆ ಮಾಡುವವರ ಗುರುತಿಗೆ ತನ್ನ ಸರ್ಟಿಫಿಕೇಟ್ ಬಳಸುವ ಅವಕಾಶವನ್ನು ಹಂತಹಂತವಾಗಿ ತೆಗೆಯುವುದಾಗಿ ಲೆಟ್ಸ್ ಎನ್‌ಕ್ರಿಪ್ಟ್ 2025ರಲ್ಲೇ ಹೇಳಿತು. ಆ ಕೆಲಸಕ್ಕೆ ಎರಡೂ ಕಡೆಯವರು ಒಪ್ಪಿದ ಖಾಸಗಿ ರೂಟ್ ಒಂದನ್ನು ಕಟ್ಟಿಕೊಳ್ಳುವುದೇ ದಾರಿ. ಅಲ್ಲಿ ಬ್ರೌಸರ್ ಕಂಪನಿಗಳ ವೇಳಾಪಟ್ಟಿ ಅನ್ವಯಿಸುವುದಿಲ್ಲ. 1995ರಲ್ಲಿ ಯಾರೂ ಕೇಳದ ಪ್ರಶ್ನೆಗೆ ಬ್ರೌಸರ್ ಕಂಪನಿಗಳೇ ಈಗ ಉತ್ತರ ಕೊಡುತ್ತಿವೆ: ಯಂತ್ರಗಳ ನಡುವಿನ ಗುರುತು ನಮ್ಮ ಪಟ್ಟಿಯ ಕೆಲಸವಲ್ಲ, ನೀವೇ ನೋಡಿಕೊಳ್ಳಿ.