ಪದ ಪರಿಚಯ: ವಾಟರ್‌ಫೌಲ್ ಪ್ರೊಡಕ್ಷನ್ ಏರಿಯಾ

ಅಮೆರಿಕದ ನಾರ್ತ್ ಡಕೋಟ, ಸೌತ್ ಡಕೋಟ, ಮಿನ್ನೆಸೋಟ ರಾಜ್ಯಗಳ ಹೊಲಗದ್ದೆಗಳ ನಡುವೆ ಅಲ್ಲಲ್ಲಿ ‘ವಾಟರ್‌ಫೌಲ್ ಪ್ರೊಡಕ್ಷನ್ ಏರಿಯಾ’ ಎಂಬ ಫಲಕ ಕಾಣುತ್ತದೆ. ಪದಕ್ಕೆ ಪದವಿಟ್ಟು ‘ನೀರುಹಕ್ಕಿ ಉತ್ಪಾದನಾ ಪ್ರದೇಶ’ ಎಂದರೆ ಕೋಳಿ ಫಾರಂನಂಥ ಉದ್ಯಮವೊಂದರ ಹೆಸರಿನಂತೆ ಕೇಳಿಸುತ್ತದೆ. ಆದರೆ ಅಲ್ಲಿ ಯಾರೂ ಬಾತುಗಳನ್ನು ಸಾಕುವುದಿಲ್ಲ. ಕಾಡುಬಾತುಗಳು ತಾವಾಗಿಯೇ ಬಂದು ಮೊಟ್ಟೆಯಿಟ್ಟು ಮರಿ ಮಾಡಲೆಂದು ಸರ್ಕಾರ ಕಾಪಾಡಿಕೊಂಡು ಬಂದಿರುವ ಜೌಗುನೆಲಕ್ಕೂ ಅದರ ಸುತ್ತಲಿನ ಹುಲ್ಲುಗಾವಲಿಗೂ ಸೇರಿ ಇರುವ ಹೆಸರು ಇದು. ಹಲವು ಜಾತಿಯ ಹೆಣ್ಣು ಬಾತುಗಳು ತಾವು ಹುಟ್ಟಿದ ಸೀಮೆಗೇ ಮರಳಿ ಗೂಡು ಕಟ್ಟುವುದರಿಂದ, ‘ನೀರುಹಕ್ಕಿಗಳ ತವರುನೆಲ’ ಎಂದರೆ ಅರ್ಥ ಹೆಚ್ಚು ಹತ್ತಿರವಾದೀತು ಎಂದು ನನ್ನ ಎಣಿಕೆ.

ಈ ಸೀಮೆಯ ನೀರನ್ನು ‘ಪ್ರೇರಿ ಪಾಟ್‌ಹೋಲ್’ ಎನ್ನುತ್ತಾರೆ. ಪ್ರೇರಿಯೆಂದರೆ ಉತ್ತರ ಅಮೆರಿಕದ ಹುಲ್ಲಿನ ಬಯಲು. ಹತ್ತು ಸಾವಿರ ವರ್ಷಗಳಿಗೂ ಹಿಂದೆ ಹಿಮದ ಹೊದಿಕೆ ಉತ್ತರಕ್ಕೆ ಸರಿದಾಗ, ಮಣ್ಣಿನಲ್ಲಿ ಹೂತುಹೋಗಿದ್ದ ಮಂಜಿನ ಗಡ್ಡೆಗಳು ಕರಗಿ ನೆಲದ ತುಂಬ ಲೆಕ್ಕವಿಲ್ಲದಷ್ಟು ತಗ್ಗುಗಳು ಉಳಿದವು. ನಮ್ಮ ಕೆರೆಗೆ ಏರಿ, ತೂಬು, ಕೋಡಿ ಇರುತ್ತವೆ. ಈ ತಗ್ಗುಗಳಲ್ಲಿ ಬಹುಪಾಲಿಗೆ ಒಳಗೆ ಬರುವ ಹಳ್ಳವೂ ಇಲ್ಲ, ಹೊರಗೆ ಹೋಗುವ ಕೋಡಿಯೂ ಇಲ್ಲ. ಹಿಮ ಕರಗಿದಾಗ ತುಂಬಿ, ಬೇಸಗೆಯಲ್ಲಿ ಇಂಗುತ್ತವೆ, ಇಲ್ಲವೇ ಆರುತ್ತವೆ. ಉಳುಮೆಗೆ ಅಡ್ಡಿಯೆಂದು ರೈತರು ಕಾಲುವೆ ತೆಗೆದು, ನೆಲದಡಿ ಕೊಳವೆ ಹೂಳಿ ಇವುಗಳನ್ನು ಬಸಿದುಹಾಕಿದರು. ಅಯೋವಾದಲ್ಲಿ ಬಹುಪಾಲು ಹೀಗೆಯೇ ಇಲ್ಲವಾದವು.

ಉಳಿದುದನ್ನು ಕಾಪಾಡುವ ಹಣ ಬಂದದ್ದು ಬೇಟೆಗಾರರಿಂದ. 1934ರ ಕಾನೂನಿನ ಪ್ರಕಾರ ವಲಸೆ ಬಾತುಗಳನ್ನು ಬೇಟೆಯಾಡುವವರು ವರ್ಷವರ್ಷವೂ ‘ಡಕ್ ಸ್ಟ್ಯಾಂಪ್’ ಎಂಬ, ಅಂಚೆಚೀಟಿಯಂಥ ಶುಲ್ಕದ ಚೀಟಿಯನ್ನು ಕೊಳ್ಳಬೇಕಾಯಿತು. ಆಗ ಅದರ ಬೆಲೆ ಒಂದು ಡಾಲರ್. 1958ರ ತಿದ್ದುಪಡಿ ಆ ಹಣದಲ್ಲಿ ಸಣ್ಣ ಜೌಗುಗಳನ್ನೂ ಕೊಳ್ಳಲು ಅನುವು ಮಾಡಿಕೊಟ್ಟಿತು, ಮರುವರ್ಷವೇ ಸೌತ್ ಡಕೋಟದಲ್ಲಿ ಇಂಥ ಮೊದಲ ಪ್ರದೇಶವನ್ನು ಕೊಂಡರು. ಜಮೀನು ಮಾರಲು ಒಪ್ಪದ ರೈತರಿಗೂ ಒಂದು ದಾರಿಯಿದೆ: ಜೌಗನ್ನು ಬಸಿಯುವುದಿಲ್ಲ, ಮುಚ್ಚುವುದಿಲ್ಲ ಎಂಬ ಶಾಶ್ವತ ಕರಾರಿಗೆ ಸಹಿ ಹಾಕಿ ಪರಿಹಾರ ಪಡೆಯಬಹುದು, ಜಮೀನು ಅವರದಾಗಿಯೇ ಉಳಿಯುತ್ತದೆ.

ನೀರನ್ನಷ್ಟೇ ಉಳಿಸಿದರೆ ಸಾಕೆಂದು ತೋರಬಹುದು. ಆದರೆ ಈ ಪದದ ಅರ್ಧ ಅರ್ಥ ಹುಲ್ಲಿನಲ್ಲಿದೆ. ನೀಲಿರೆಕ್ಕೆಯ ಟೀಲ್ ಬಾತು ಗೂಡು ಕಟ್ಟುವುದು ನೀರಿನಲ್ಲಲ್ಲ, ದಡದಾಚೆಯ ಒಣ ಹುಲ್ಲಿನಲ್ಲಿ. ನೆಲದಲ್ಲಿ ಸಣ್ಣ ಗುಳಿ ಮಾಡಿ, ಎದೆಯ ಮೆತ್ತನೆಯ ತುಪ್ಪುಳ ಹಾಸಿ, ಸುಮಾರು ಹತ್ತು ಮೊಟ್ಟೆಯಿಡುತ್ತದೆ. ಮೇವಿಗೆ ಹೋಗುವಾಗ ಅದೇ ತುಪ್ಪುಳವನ್ನು ಮೊಟ್ಟೆಗಳ ಮೇಲೆ ಎಳೆದು ಮುಚ್ಚುತ್ತದೆ. ಮೊಟ್ಟೆಯೊಡೆದು ಒಂದು ದಿನವಾಗುವಷ್ಟರಲ್ಲಿ ಮರಿಗಳು ತಾಯಿಯ ಹಿಂದೆ ನಡೆದೇ ನೀರು ಸೇರುತ್ತವೆ. ವಸಂತದಲ್ಲಿ ಎಲ್ಲಕ್ಕಿಂತ ಮೊದಲು ಬೆಚ್ಚಗಾಗುವುದು ಗೇಣುದ್ದವೂ ಆಳವಿಲ್ಲದ ತಗ್ಗುಗಳ ನೀರು. ಮೊಟ್ಟೆ ಕಟ್ಟಲು ಬೇಕಾದ ಸಸಾರಜನಕ ಅಲ್ಲಿನ ಹುಳು, ಬಸವನಹುಳುಗಳಿಂದ ದೊರೆಯುತ್ತದೆ. ಜೂನ್ ಜುಲೈಗೆ ಒಣಗಿಹೋಗುವ, ಹೊರನೋಟಕ್ಕೆ ನಿಷ್ಪ್ರಯೋಜಕವೆನಿಸುವ ಆ ತಗ್ಗೇ ಬಾತಿನ ಸಂಸಾರಕ್ಕೆ ಆಧಾರ.

ಆದ್ದರಿಂದ ಇಲ್ಲಿ ನಿರ್ವಹಣೆಯೆಂದರೆ ಬೇಲಿ ಹಾಕಿ ಸುಮ್ಮನಿರುವುದಲ್ಲ. ಹಿಂದೆ ಕಾಳ್ಗಿಚ್ಚೂ ಕಾಡೆಮ್ಮೆಯಂಥ ಬೈಸನ್ ಹಿಂಡುಗಳೂ ಹುಲ್ಲನ್ನು ಹೊಸದಾಗಿಸುತ್ತಿದ್ದವು. ಈಗ ಸಿಬ್ಬಂದಿ ಹದ ನೋಡಿ ಬೆಂಕಿ ಹಚ್ಚುತ್ತಾರೆ, ಸ್ಥಳೀಯರ ದನಗಳಿಗೆ ಅನುಮತಿ ಕೊಟ್ಟು ಮೇಯಿಸುತ್ತಾರೆ. ಜೊಂಡು ನೀರನ್ನೆಲ್ಲ ಆವರಿಸಿದರೆ ಬಾತುಗಳಿಗೆ ಇಳಿಯಲು ತೆರಪಿರುವುದಿಲ್ಲ. ಸುಮಾರು ಅರ್ಧ ಜೊಂಡು, ಅರ್ಧ ತೆರೆದ ನೀರು ಎಂಬ ಸ್ಥಿತಿಯೇ ಒಳ್ಳೆಯದೆಂದು ಬಲ್ಲವರು ಹೇಳುತ್ತಾರೆ. ತೂಬಿನಂಥ ಏರ್ಪಾಡು ಇರುವ ಕಡೆ ನೀರನ್ನು ಬೇಕೆಂದೇ ಇಳಿಸಿ, ಕೆಸರಿನಲ್ಲಿ ಬೀಜ ಮೊಳೆಯಲು ಬಿಟ್ಟು, ಮತ್ತೆ ತುಂಬಿಸುವುದೂ ಉಂಟು.

ಸಾರ್ವಜನಿಕರ ಹಕ್ಕಿನ ವಿಚಾರದಲ್ಲಿಯೂ ಈ ಪದಕ್ಕೆ ವಿಶಿಷ್ಟ ಅರ್ಥವಿದೆ. ವನ್ಯಜೀವಿ ಆಶ್ರಯತಾಣದಲ್ಲಿ ಅನುಮತಿ ಘೋಷಿಸಿದ ಮೇಲಷ್ಟೇ ಬೇಟೆ. ಇಲ್ಲಿ ಮುಚ್ಚಿದೆಯೆಂದು ಘೋಷಿಸದ ಹೊರತು ಋತುವಿನ ನಿಯಮದಂತೆ ಬೇಟೆ, ಮೀನುಗಾರಿಕೆ ಮುಕ್ತ. ಹಕ್ಕಿ ನೋಡುವವರೂ ಛಾಯಾಗ್ರಾಹಕರೂ ನಡೆದು ಒಳಹೋಗಬಹುದು. ಆದರೆ ಸೀಸದ ಚರೆಗುಂಡು ಬಳಸುವಂತಿಲ್ಲ. ಕೆಸರಿಗೆ ಬಿದ್ದ ಚರೆಯನ್ನು ಬಾತುಗಳು ಕಾಳೆಂದೋ ಹರಳೆಂದೋ ನುಂಗುತ್ತವೆ. ಅದು ಜಠರದಲ್ಲಿ ಸವೆದು ರಕ್ತಕ್ಕೆ ಸೇರಿ, ಬೇಟೆಗಾರ ಮನೆಗೆ ಮರಳಿದ ಎಷ್ಟೋ ಕಾಲದ ಮೇಲೂ ಹಕ್ಕಿಯನ್ನು ಕೊಲ್ಲುತ್ತದೆ.